ಬಾಟಲಿ ತುಂಬಿದ್ದು ತುಂಬಿದ ಹಾಗೇ ಮನೆಗೆ ಬರುತ್ತದೆ, ನೀರು ಹೇಗೆ ಕುಡಿಯಲಿ?

ಹೊಲಿಗೆಯವಳು:
ನನಗೆ 34 ವರ್ಷ. ಬಟ್ಟೆ ಹೊಲಿಯುವ ಕಾರ್ಖಾನೆಯಲ್ಲಿ ಕೆಲಸ. ಈ ವರ್ಷದಲ್ಲಿ ಇದು ನಾಲ್ಕನೇ ಸಲ ಉರಿಮೂತ್ರ. ಪ್ರತಿ ಸಲ ಡಾಕ್ಟರ್ ಮಾತ್ರೆ ಬರೆದು, "ನೀರು ಚೆನ್ನಾಗಿ ಕುಡಿಯಿರಿ, ತಡೆದುಕೊಳ್ಳಬೇಡಿ" ಎನ್ನುತ್ತಾರೆ. ಸರಿಯಾದ ಮಾತೇ. ಆದರೆ ನಮ್ಮ ಲೈನಿನಲ್ಲಿ ಮೂವತ್ತು ಜನಕ್ಕೆ ಒಂದೇ ಟೋಕನ್. ಸೂಪರ್‌ವೈಸರ್ ಮೇಜಿನ ಮೇಲೆ ಅದು ಇದ್ದರೆ ಮಾತ್ರ ಟಾಯ್ಲೆಟ್‌ಗೆ ಹೋಗಬಹುದು. ಐದು ನಿಮಿಷ ಎದ್ದು ಹೋದರೆ ನನ್ನ ಮಿಷಿನ್ ಪಕ್ಕ ಪೀಸುಗಳು ರಾಶಿ ಬೀಳುತ್ತವೆ, ಮುಂದಿನವಳು ಕೆಲಸ ಇಲ್ಲದೆ ಕಾಯಬೇಕು. ಅವಳ ಮುಖ ನೋಡಲು ಆಗುವುದಿಲ್ಲ. ಅದಕ್ಕೇ ಇಡೀ ದಿನಕ್ಕೆ ಎರಡು ಗುಟುಕು ಕುಡಿದರೆ ಜಾಸ್ತಿ. ಮುಟ್ಟಿನ ದಿನ ಸಂಜೆವರೆಗೂ ಒಂದೇ ಪ್ಯಾಡ್.

ರಕ್ತವೂ ಕಡಿಮೆ, ಹಿಮೋಗ್ಲೋಬಿನ್ 9. ಮನೆಗೆ ಬಂದರೆ ಅಡುಗೆ, ಮಕ್ಕಳು, ಹಾಸಿಗೆ ಹಿಡಿದಿರುವ ಅತ್ತೆ. ರಜೆ ಹಾಕಿದರೆ ಆ ದಿನದ ಸಂಬಳ ಇಲ್ಲ. ನನ್ನ ಮೈಯೇ ಸರಿ ಇಲ್ಲವೇನೋ ಅನ್ನಿಸಿಬಿಟ್ಟಿದೆ. ಯಾರಿಗಾದರೂ ಹೀಗಾಗಿ ವಾಸಿಯಾಗಿದೆಯಾ?

ವಾರ್ಡ್ ನರ್ಸ್:
ಅಕ್ಕ, ನಿಮ್ಮ ಮೈಯನ್ನು ಬೈದುಕೊಳ್ಳಬೇಡಿ. ಹೆಂಗಸರ ಮೂತ್ರನಾಳ ಸುಮಾರು 4 ಸೆಂಟಿಮೀಟರ್ ಅಷ್ಟೇ, ರೋಗಾಣು ಬೇಗ ಒಳಗೆ ಸೇರುತ್ತದೆ. ಮೂತ್ರ ಹೋಗುತ್ತಿದ್ದರೆ ಅದೂ ಕೊಚ್ಚಿಕೊಂಡು ಹೋಗುತ್ತದೆ. ಗಂಟೆಗಟ್ಟಲೆ ತಡೆದರೆ ಅಲ್ಲೇ ಬೆಳೆಯುತ್ತದೆ. 2018ರಲ್ಲಿ ಒಂದು ಅಧ್ಯಯನ ಬಂದಿತ್ತು. ಪದೇ ಪದೇ ಸೋಂಕು ಬರುತ್ತಿದ್ದ, ನೀರು ಕಡಿಮೆ ಕುಡಿಯುತ್ತಿದ್ದ 140 ಹೆಂಗಸರಲ್ಲಿ ಅರ್ಧ ಜನ ದಿನಕ್ಕೆ ಒಂದೂವರೆ ಲೀಟರ್ ನೀರು ಜಾಸ್ತಿ ಕುಡಿದರು. ಒಂದು ವರ್ಷದಲ್ಲಿ ಅವರಿಗೆ ಸರಾಸರಿ 1.7 ಸಲ ಸೋಂಕು ಬಂತು, ಉಳಿದವರಿಗೆ 3.2 ಸಲ. ಅಂದರೆ ನಿಮಗೆ ಬೇಕಾದ ಔಷಧಿ ನಿಮ್ಮ ಬಾಟಲಿಯಲ್ಲೇ ಇದೆ, ಕುಡಿಯಲು ಬಿಡುತ್ತಿಲ್ಲ.

ಈ ಸಲ ಯೂರಿನ್ ಕಲ್ಚರ್ (ಮೂತ್ರದಲ್ಲಿ ಯಾವ ರೋಗಾಣು ಇದೆ ಅಂತ ನೋಡುವ ಪರೀಕ್ಷೆ) ಮಾಡಿಸಿ. ಉರಿ ನಿಂತಿತು ಅಂತ ಮಾತ್ರೆ ಮಧ್ಯದಲ್ಲಿ ಬಿಡಬೇಡಿ. ಚಳಿಜ್ವರ, ಸೊಂಟದ ಮೇಲೆ ಪಕ್ಕದಲ್ಲಿ ನೋವು ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಿ, ಕಿಡ್ನಿಗೆ ಏರಿರಬಹುದು. "ಎರಡು ಮೂರು ಗಂಟೆಗೊಮ್ಮೆ ಟಾಯ್ಲೆಟ್‌ಗೆ ಹೋಗಲೇಬೇಕು" ಅಂತ ಡಾಕ್ಟರ್ ಕೈಯಲ್ಲಿ ಚೀಟಿ ಬರೆಸಿಕೊಳ್ಳಿ. ಕೇಳಿದರೆ ಬರೆದುಕೊಡುತ್ತಾರೆ. ರಕ್ತದ ವಿಷಯ: 12ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ, 9 ಅಂದರೆ ಸುಮ್ನೆ ಬಿಡುವಂಥದ್ದಲ್ಲ. ಮುಟ್ಟಿನಲ್ಲಿ ಜಾಸ್ತಿ ಹೋಗುತ್ತದಾ? ಅದನ್ನೂ ಅವರಿಗೆ ಹೇಳಿ. ಐರನ್ ಮಾತ್ರೆಯನ್ನು ಟೀ ಕಾಫಿ ಜೊತೆ ನುಂಗಬೇಡಿ.

ಓದುಗ:
ಅಷ್ಟು ಕಷ್ಟ ಇದ್ದರೆ ಬೇರೆ ಕೆಲಸ ನೋಡಬಹುದಲ್ಲ?

ಹೊಲಿಗೆಯವಳು:
ಅಣ್ಣ, ಇದಕ್ಕೂ ಮುಂಚೆ ಎರಡು ಕಡೆ ಇದ್ದೆ. ಅಲ್ಲೂ ಟೋಕನ್ನೇ. ಮಕ್ಕಳ ಫೀಸು ಈ ಸಂಬಳದಲ್ಲೇ ಕಟ್ಟುವುದು.

ಚೆಕಿಂಗ್ ಸೆಕ್ಷನ್:
ನಾನೂ ನಿಮ್ಮ ಹಾಗೇ ಇದ್ದೆ. ಒಬ್ಬಳೇ ಕೇಳಿದಾಗ "ನಿನಗೊಬ್ಬಳಿಗೇ ಯಾಕೆ" ಅಂದರು. ಆಮೇಲೆ ಕೇಳಿ ನೋಡಿದರೆ ನಮ್ಮ ಲೈನಿನಲ್ಲಿ ಎಂಟು ಜನಕ್ಕೆ ಉರಿಮೂತ್ರ! ಯಾರೂ ಬಾಯಿ ಬಿಟ್ಟಿರಲಿಲ್ಲ, ನಾಚಿಕೆ. ಎಂಟೂ ಜನ ಚೀಟಿ ಹಿಡಿದು ಒಟ್ಟಿಗೆ ಹೋದೆವು. ಟೋಕನ್ ಮೂರಾಯಿತು. ಎದ್ದು ಹೋದವಳ ಮಿಷಿನ್‌ಗೆ ಕೂರಲು ಒಬ್ಬಳನ್ನು ಕೊಟ್ಟರು. ನನಗೆ ಏಳು ತಿಂಗಳಿಂದ ಉರಿ ಬಂದಿಲ್ಲ.

ಮನೆ ಕೆಲಸದ ಬಗ್ಗೆ ಒಂದು ಮಾತು. ಸಂಬಳವಿಲ್ಲದ ಮನೆಗೆಲಸ, ಆರೈಕೆಯಲ್ಲಿ ನಾಲ್ಕರಲ್ಲಿ ಮೂರು ಪಾಲು ಹೆಂಗಸರೇ ಮಾಡುತ್ತಾರೆ ಅಂತ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2018ರಲ್ಲಿ ಲೆಕ್ಕ ಕೊಟ್ಟಿತ್ತು. ಅತ್ತೆಯ ರಾತ್ರಿ ಪಾಳಿ ಯಾರದು? ಮನೆಯವರಿಗೆ ವಾರದಲ್ಲಿ ಮೂರು ರಾತ್ರಿ ಒಪ್ಪಿಸಿ. ರಕ್ತ ಕಡಿಮೆ ಇದ್ದವರಿಗೆ ನಿದ್ದೆಯೂ ಬೇಕು.

ಹೊಲಿಗೆಯವಳು:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಇವತ್ತು ಊಟದ ಹೊತ್ತಿಗೆ ಪಕ್ಕದ ಮಿಷಿನ್‌ನವಳನ್ನು ಕೇಳಿದೆ. ಅವಳಿಗೂ ಉರಿಯಂತೆ, ಎರಡು ವರ್ಷದಿಂದ. ಶನಿವಾರ ಇಬ್ಬರೂ ಡಾಕ್ಟರ್ ಹತ್ತಿರ ಹೋಗುತ್ತೇವೆ.