‘ಅಲ್ಪಾವಧಿ ಬಾಡಿಗೆ’, ‘ಆತಿಥೇಯ’, ‘ಆರ್ಡಿನೆನ್ಸ್’: ನಗರಗಳ ಬಾಡಿಗೆ ನಿರ್ಬಂಧಗಳ ಬಗ್ಗೆ ಬರೆಯುವಾಗ ಯಾವ ಪದ ಸರಿ?

ಬಳಗದ ಎಲ್ಲರಿಗೂ ನಮಸ್ಕಾರ.

ನ್ಯೂಯಾರ್ಕ್ ನಗರವು 2022ರ ಜನವರಿಯಲ್ಲಿ ಕಾನೂನಾಗಿಸಿ, 2023ರ ಸೆಪ್ಟೆಂಬರ್ 5ರಿಂದ ಜಾರಿಗೊಳಿಸತೊಡಗಿದ, ಮನೆಯನ್ನು 30 ದಿನಕ್ಕಿಂತ ಕಡಿಮೆ ಅವಧಿಗೆ ಬಾಡಿಗೆ ಕೊಡುವವರು ನಗರದಲ್ಲಿ ನೋಂದಣಿ ಮಾಡಿಸಲೇಬೇಕೆನ್ನುವ ‘ಲೋಕಲ್ ಲಾ 18’ ಕುರಿತು ಕನ್ನಡದಲ್ಲಿ ಒಂದು ವಿವರಣಾತ್ಮಕ ಲೇಖನವನ್ನು ಸಿದ್ಧಪಡಿಸುತ್ತಿದ್ದೇನೆ. ಓದುವವರಲ್ಲಿ ಹೆಚ್ಚಿನವರು ಅಮೆರಿಕದಲ್ಲಿರುವ ಕನ್ನಡಿಗರು. ಉಳಿತಾಯದ ಹಣದಲ್ಲಿ ಇನ್ನೊಂದು ಮನೆ ಕೊಂಡು, ಅದನ್ನು ಏರ್‌ಬಿಎನ್‌ಬಿಯಂತಹ ತಾಣಗಳ ಮೂಲಕ ದಿನದ ಲೆಕ್ಕದಲ್ಲಿ ಕೊಡುತ್ತಿರುವವರು ಅಥವಾ ಕೊಡುವ ಆಲೋಚನೆಯಲ್ಲಿರುವವರು ಅವರಲ್ಲಿದ್ದಾರೆ. ಹಾಗಾಗಿ ಪದದ ಆಯ್ಕೆ ಇಲ್ಲಿ ಬರಿಯ ಶೈಲಿಯ ವಿಷಯವಲ್ಲ. ಪದ ಸಡಿಲವಾದರೆ ಓದಿದವರು ಕಾನೂನನ್ನೇ ಬೇರೆಯಾಗಿ ಅರ್ಥಮಾಡಿಕೊಂಡು, 5,000 ಡಾಲರ್‌ವರೆಗಿನ ದಂಡಕ್ಕೆ ಗುರಿಯಾಗಬಹುದು. ಕೆಲವು ಪದಗಳ ಬಗ್ಗೆ ನನ್ನ ಅಭಿಪ್ರಾಯವನ್ನೂ, ಅದು ಎಲ್ಲಿ ನಿಲ್ಲುವುದಿಲ್ಲ ಎಂಬ ಅನುಮಾನವನ್ನೂ ಮುಂದಿಡುತ್ತಿದ್ದೇನೆ. ಬಲ್ಲವರು ತಿದ್ದಬೇಕು.

ಪತ್ರಿಕೆಗಳಲ್ಲಿ ಈಗಾಗಲೇ ಚಾಲ್ತಿಗೆ ಬಂದಿರುವುದು ‘ಅಲ್ಪಾವಧಿ ಬಾಡಿಗೆ’. ಇದರ ತೊಡಕು ಎರಡೂ ಪದಗಳಲ್ಲಿದೆ. ‘ಅಲ್ಪಾವಧಿ’ ಎಂಬುದು ಟೆಂಡರಿನ ಮುಂದೆ ಬಂದರೆ ಕೆಲವು ದಿನ, ಬೆಳೆಯ ಮುಂದೆ ಬಂದರೆ ಕೆಲವು ತಿಂಗಳು, ಸಾಲದ ಮುಂದೆ ಬಂದರೆ ಹೆಚ್ಚುಕಡಿಮೆ ಒಂದು ವರ್ಷ. ‘ಬಾಡಿಗೆ’ಯಂತೂ ಆಟೋರಿಕ್ಷಾಕ್ಕೂ ಶಾಮಿಯಾನಕ್ಕೂ ಸಲ್ಲುತ್ತದೆಯಾದರೂ, ಮನೆಯ ಜೊತೆ ಸೇರಿದ ಕೂಡಲೇ ಹನ್ನೊಂದು ತಿಂಗಳ ಕರಾರುಪತ್ರ, ಮುಂಗಡ, ಖಾಲಿ ಮಾಡುವಾಗ ಸುಣ್ಣಬಣ್ಣಕ್ಕೆಂದು ಹಿಡಿದುಕೊಳ್ಳುವ ಹಣ ಇವೆಲ್ಲ ಓದುಗರ ಮನಸ್ಸಿಗೆ ಬರುತ್ತವೆ. ‘ಅಲ್ಪಾವಧಿ ಬಾಡಿಗೆ ಮನೆ’ ಎಂದರೆ ಮೂರು ನಾಲ್ಕು ತಿಂಗಳಿಗೆ ಒಕ್ಕಲು ಇರಿಸಿದ ಮನೆ ಎಂದು ತಿಳಿಯುವುದು ಸಹಜ. ನ್ಯೂಯಾರ್ಕಿನ ಕಾನೂನಿನಲ್ಲಿ ಅಂಥ ಮನೆ ಈ ನಿರ್ಬಂಧದ ವ್ಯಾಪ್ತಿಗೇ ಬರುವುದಿಲ್ಲ. ಅಲ್ಲಿನ ಗಡಿ ಇರುವುದು 30 ದಿನಗಳಲ್ಲಿ. ಬಹುಕುಟುಂಬ ಕಟ್ಟಡಗಳಿಗೆ ಅನ್ವಯಿಸುವ ರಾಜ್ಯದ ಕಾನೂನು, ಒಬ್ಬರೇ ವ್ಯಕ್ತಿ ಅಥವಾ ಒಂದೇ ಕುಟುಂಬ 30 ದಿನ ಇಲ್ಲವೇ ಅದಕ್ಕಿಂತ ಹೆಚ್ಚು ಕಾಲ ಎಡೆಬಿಡದೆ ನೆಲೆಸಿದರೆ ಅದನ್ನು ‘ಪರ್ಮನೆಂಟ್’ ವಾಸವೆಂದೇ ಕರೆಯುತ್ತದೆ. ಇದನ್ನು ‘ಖಾಯಂ ವಾಸ’ ಎಂದು ಬರೆದರೆ, ಒಂದು ತಿಂಗಳು ಇದ್ದವರು ಖಾಯಂ ಹೇಗಾದರು ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ‘ನೆಲೆವಾಸ’ ಎಂದು ಬರೆದು, ಆ ಪದಕ್ಕೆ ಕಾನೂನು ಕೊಟ್ಟ ಅರ್ಥವನ್ನು ಮೊದಲ ಸಲ ಬರುವಲ್ಲಿಯೇ ಹೇಳಿಬಿಡುವುದು ಮೇಲೆಂದು ನನಗೆ ತೋರುತ್ತದೆ.

‘ಅಲ್ಪಾವಧಿ ಬಾಡಿಗೆ’ಗೆ ಬದಲಾಗಿ ‘ದಿನಬಾಡಿಗೆ’ಯನ್ನು ನಾನು ಬಳಸಬಯಸುತ್ತೇನೆ. ಅದು ಜನರ ಬಾಯಲ್ಲಿರುವ ಪದ. ಲಾಡ್ಜಿನವರೂ ವಾಹನದವರೂ ಬಳಸುವುದರಿಂದ, ಒಕ್ಕಲು ಇರುವ ಅರ್ಥ ಅದರೊಳಗೆ ಸುಳಿಯುವುದಿಲ್ಲ. ವಾರದ ಲೆಕ್ಕದಲ್ಲಿ ಕೊಟ್ಟರೆ ಅದು ದಿನಬಾಡಿಗೆ ಹೇಗಾಗುತ್ತದೆ ಎಂಬ ಆಕ್ಷೇಪ ಬರಬಹುದು. ಅದಕ್ಕೆ ನನ್ನಲ್ಲಿ ಪೂರ್ತಿ ಸಮಾಧಾನವಿಲ್ಲ. ‘ತಂಗುದಾಣ’ವನ್ನು ಬಸ್ಸು ಕಾಯುವವರು ಆಗಲೇ ಹಿಡಿದುಕೊಂಡಿದ್ದಾರೆ. ‘ಬಿಡದಿ’ ಎಂದರೆ ಮದುವೆಗೆ ಬಂದ ಗಂಡಿನ ಕಡೆಯವರ ನೆನಪು, ಇಲ್ಲವೇ ಮೈಸೂರು ರಸ್ತೆಯ ಊರಿನ ನೆನಪು.

‘ಹೋಂಸ್ಟೇ’ಯನ್ನು ಮಾತ್ರ ಸುಲಭವಾಗಿ ತಳ್ಳಿಹಾಕುವಂತಿಲ್ಲ. ಕೊಡಗು, ಚಿಕ್ಕಮಗಳೂರು, ಸಕಲೇಶಪುರಗಳ ಕಡೆ ತೋಟದ ನಡುವಿನ ಬಿಡಿ ಕಾಟೇಜಿಗೂ, ಮಾಲೀಕರ ಸುಳಿವೇ ಇಲ್ಲದ ಬಂಗಲೆಗೂ ಇದೇ ಹೆಸರಿನ ಫಲಕ ತೂಗಾಡುತ್ತಿರುತ್ತದೆ. ಆದರೆ ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಹೋಂಸ್ಟೇ ಮಾನ್ಯತಾ ಯೋಜನೆಯ ಪ್ರಕಾರ ಒಂದರಿಂದ ಆರು ಕೊಠಡಿಗಳನ್ನಷ್ಟೇ ಕೊಡಬಹುದು, ಮತ್ತು ಮಾಲೀಕರು ಕುಟುಂಬಸಮೇತ ಅದೇ ಮನೆಯಲ್ಲಿ ವಾಸವಿರಲೇಬೇಕು. ನ್ಯೂಯಾರ್ಕ್ ನಗರ ಇನ್ನೂ ಉಳಿಸಿಕೊಟ್ಟಿರುವುದು ಇಂಥದನ್ನೇ: ಮನೆಯವರು ಇರುವಾಗ, ಮನೆಯೊಳಗಿನ ಕೋಣೆಯಲ್ಲಿ, ಇಬ್ಬರಿಗೆ ಮೀರದಂತೆ. ಹಾಗಾದರೆ ಅನುಮತಿಯುಳ್ಳದ್ದಕ್ಕೆ ‘ಹೋಂಸ್ಟೇ’, ಅನುಮತಿಯಿಲ್ಲದ್ದಕ್ಕೆ ‘ದಿನಬಾಡಿಗೆ ಮನೆ’ ಎಂದು ಹಂಚಿಕೊಂಡರೆ ಹೇಗೆ? ಪದದ ಮೂಲ ಅರ್ಥಕ್ಕೆ ಇದು ನ್ಯಾಯ ಸಲ್ಲಿಸುತ್ತದೆ. ಮಡಿಕೇರಿಯ ಓದುಗರು ನಕ್ಕುಬಿಡಲೂಬಹುದು.

‘ಹೋಸ್ಟ್’, ಅಂದರೆ ‘ಆತಿಥೇಯ’, ಎಂಬ ಪದದಲ್ಲಿ ಸಂಕಟ ಇನ್ನೂ ಹೆಚ್ಚು. ನನ್ನ ಕರಡಿನ ವಾಕ್ಯ ಹೀಗಿತ್ತು: ‘ಅತಿಥಿಗಳು ತಂಗಿರುವಷ್ಟು ಕಾಲ ಮಾಲೀಕರು ಅದೇ ಮನೆಯಲ್ಲಿರಬೇಕು, ಇಬ್ಬರಿಗಿಂತ ಹೆಚ್ಚು ಅತಿಥಿಗಳನ್ನು ಇರಿಸಿಕೊಳ್ಳುವಂತಿಲ್ಲ.’ ಓದಲು ಸಲೀಸಾಗಿದೆ, ಆದರೆ ಅರ್ಥ ಎಲ್ಲೆಲ್ಲೋ ಸೋರಿಹೋಗುತ್ತದೆ. ಕಾನೂನು ಕೇಳುವುದು ಆ ಮನೆಯಲ್ಲಿ ವಾಸವಿರುವವರನ್ನು. ಒಡೆತನ ಎರಡನೆಯ ಮಾತು. ಕರಾರು ಅಡ್ಡಿಯಾಗದಿದ್ದಲ್ಲಿ ಬಾಡಿಗೆದಾರರೂ ನೋಂದಣಿಗೆ ಅರ್ಜಿ ಹಾಕಬಹುದು. ಆದರೆ ಮನೆಯನ್ನು ಕೊಂಡು ಬೇರೆಡೆ ವಾಸಿಸುವ ಮಾಲೀಕರಿಗೆ ಆ ಅವಕಾಶವಿಲ್ಲ. ‘ಹೋಸ್ಟ್’ಗೆ ‘ಮಾಲೀಕ’ ಎಂದು ಬರೆದರೆ ಈ ತಿರುವು ಪೂರ್ಣವಾಗಿ ಮರೆಯಾಗುತ್ತದೆ.

ಅದೇ ವಾಕ್ಯದ ‘ಅದೇ ಮನೆ’ ಇನ್ನೂ ಅಪಾಯಕಾರಿ. ನಾವು ‘ಮನೆ’ ಎಂದು ಇಡೀ ಕಟ್ಟಡವನ್ನೂ ಕರೆಯುತ್ತೇವೆ, ಅದರೊಳಗಿನ ಒಂದು ಪಾಲನ್ನೂ ಕರೆಯುತ್ತೇವೆ. ಕೆಳಗೆ ತಾವಿದ್ದು ಮಹಡಿಯನ್ನು ಬಾಡಿಗೆಗೆ ಕೊಟ್ಟಿರುವ ಬೆಂಗಳೂರಿನ ಬಸವನಗುಡಿಯ ಮಾಲೀಕರು ‘ನಮ್ಮ ಮನೆಯಲ್ಲೇ ಬಾಡಿಗೆಗಿದ್ದಾರೆ’ ಎನ್ನುವುದು ಸಹಜ ಮಾತು. ಕ್ವೀನ್ಸ್, ಬ್ರೂಕ್ಲಿನ್‌ಗಳಲ್ಲಿ ಎರಡು ಕುಟುಂಬಗಳ ಇಂಥದೇ ಮನೆಗಳು ಸಾಲುಸಾಲಾಗಿವೆ. ಆದರೆ ಕೆಳಗಿನ ಅಂತಸ್ತಿನಲ್ಲಿ ತಾವಿದ್ದು ಮೇಲಿನ ಅಂತಸ್ತನ್ನು ನಾಲ್ಕು ರಾತ್ರಿಗೆ ಕೊಡುವುದಕ್ಕೆ ನ್ಯೂಯಾರ್ಕಿನಲ್ಲಿ ಅವಕಾಶವಿಲ್ಲ. ಮನೆಯವರೂ ತಂಗಲು ಬಂದವರೂ ಒಂದೇ ವಸತಿ ಘಟಕದಲ್ಲಿರಬೇಕು, ಬಂದವರಿಗೆ ಆ ಘಟಕದ ಎಲ್ಲ ಭಾಗಗಳಿಗೂ ಹೋಗಿಬರಲು ಸಾಧ್ಯವಾಗಬೇಕು, ಅವರನ್ನು ಬೇರ್ಪಡಿಸುವಂತೆ ಒಳಬಾಗಿಲಿಗೆ ಬೀಗ ಹಾಕಿಕೊಳ್ಳುವಂತಿಲ್ಲ. ‘ವಸತಿ ಘಟಕ’ ಸರ್ಕಾರಿ ಆದೇಶದ ವಾಸನೆಯ ಪದವೇ ಸರಿ, ಆದರೂ ಇಲ್ಲಿ ಅದಕ್ಕಿಂತ ಖಚಿತವಾದದ್ದು ನನಗೆ ಸಿಗಲಿಲ್ಲ. ಕಾನೂನಿನ ಆಶಯವನ್ನು ಹೇಳುವುದಾದರೆ, ಕೂಡುಕುಟುಂಬದ ಮಾತಿನಲ್ಲಿ ಬರುವ ‘ಒಂದೇ ಒಲೆ’ ಬಹಳ ಸಮೀಪಕ್ಕೆ ಬರುತ್ತದೆ.

ಇನ್ನು ‘ಅತಿಥಿ’. ಹಣ ಕೊಟ್ಟು ತಂಗುವವರಿಗೆ ಮಾತ್ರ ಆ ಇಬ್ಬರ ಮಿತಿ; ಊರಿನಿಂದ ಬಂದ ಅತ್ತೆ ಮಾವಂದಿರಿಗೆ ಅಲ್ಲ. ‘ಪೇಯಿಂಗ್ ಗೆಸ್ಟ್’ ಎಂದರೆ ಸ್ಪಷ್ಟವಾದೀತು ಎಂದುಕೊಂಡರೆ, ಬೆಂಗಳೂರಿನ ‘ಪಿಜಿ’ ಅಡ್ಡ ಬರುತ್ತದೆ. ಅಲ್ಲಿ ಪಿಜಿ ಎಂದರೆ ವರ್ಷಗಟ್ಟಲೆ ಇರುವ ನೌಕರರು, ವಿದ್ಯಾರ್ಥಿಗಳು. ಸದ್ಯಕ್ಕೆ ವಾಕ್ಯವನ್ನು ಹೀಗೆ ತಿದ್ದಿಕೊಂಡಿದ್ದೇನೆ: ‘ಹಣ ಕೊಟ್ಟು ತಂಗುವವರು ಇರುವಷ್ಟು ಕಾಲ, ನೋಂದಣಿ ಪಡೆದ ನಿವಾಸಿಯು, ಮಾಲೀಕರಾಗಿರಲಿ ಬಾಡಿಗೆದಾರರಾಗಿರಲಿ, ಅದೇ ವಸತಿ ಘಟಕದಲ್ಲಿ ಅವರೊಂದಿಗೆ ಇರಬೇಕು, ಹಾಗೆ ತಂಗುವವರು ಒಂದು ಸಲಕ್ಕೆ ಇಬ್ಬರನ್ನು ಮೀರಬಾರದು.’ ಸೊಗಸು ಹೋಯಿತು, ಅರ್ಥ ಉಳಿಯಿತು. ‘ನೋಂದಣಿ’ ಕೂಡ ನಮ್ಮ ಕಿವಿಗೆ ಜನನ ಮರಣ ನೋಂದಣಿಯಂತೆ ದಾಖಲೆಗಷ್ಟೇ ಇರುವ ಕ್ರಮವೆಂಬಂತೆ ಕೇಳಿಸುತ್ತದೆ. ಅಲ್ಲಿ ಅದಿಲ್ಲದೆ ಏರ್‌ಬಿಎನ್‌ಬಿಯಂತಹ ತಾಣಗಳು ಹಣದ ವ್ಯವಹಾರವನ್ನೇ ನಡೆಸುವಂತಿಲ್ಲ. ಫಲದಲ್ಲಿ ಅದು ಪರವಾನಗಿಯೇ.

‘ನಿಷೇಧ’, ‘ನಿರ್ಬಂಧ’, ‘ಮಿತಿ’ಗಳನ್ನು ಸುದ್ದಿಗಳಲ್ಲಿ ಒಂದರ ಬದಲು ಇನ್ನೊಂದೆಂಬಂತೆ ಬಳಸುತ್ತಾರೆ. ಆಮ್‌ಸ್ಟರ್‌ಡ್ಯಾಮ್ ನಗರವು ತಾವೇ ವಾಸಿಸುವ ಮನೆಯನ್ನು ಪ್ರವಾಸಿಗರಿಗೆ ಕೊಡಬಹುದಾದ ರಾತ್ರಿಗಳನ್ನು ವರ್ಷಕ್ಕೆ 60ರಿಂದ 30ಕ್ಕೆ ಇಳಿಸಿದ್ದು ಮಿತಿ. ಬಾರ್ಸಿಲೋನಾದ ಮೇಯರ್ ಜೌಮೆ ಕೊಲ್ಬೋನಿ ಅವರು 2024ರ ಜೂನ್‌ನಲ್ಲಿ, ನಗರದ 10,101 ಪ್ರವಾಸಿ ಅಪಾರ್ಟ್‌ಮೆಂಟ್‌ಗಳ ಪರವಾನಗಿಗಳನ್ನು ನವೀಕರಿಸದೆ 2028ರ ನವೆಂಬರ್ ಹೊತ್ತಿಗೆ ಕೊನೆಗಾಣಿಸುವುದಾಗಿ ಪ್ರಕಟಿಸಿದರು. ಅದನ್ನು ನಿಷೇಧ ಎನ್ನಬಹುದು. ನ್ಯೂಯಾರ್ಕಿನದು ಷರತ್ತಿನ ಮೂಲಕ ಬಂದ ನಿರ್ಬಂಧ. ‘ನ್ಯೂಯಾರ್ಕಿನಲ್ಲಿ ಹೂಡಿಕೆದಾರರಿಗೆ ನಿಷೇಧ’ ಎಂಬ ತಲೆಬರಹ ಕಟ್ಟಿದರೆ ಅದು ಸುಳ್ಳೇ ಆಗುತ್ತದೆ. ಅಲ್ಲಿನ ಹೂಡಿಕೆದಾರರು 30 ದಿನ ಮತ್ತು ಮೇಲ್ಪಟ್ಟ ಅವಧಿಗೆ ಮನೆಯನ್ನು ಧಾರಾಳವಾಗಿ ಕೊಡಬಹುದು. ದಿನಬಾಡಿಗೆಯ ಲಾಭವನ್ನು ಎಣಿಸಿ ಸಾಲ ಮಾಡಿ ಕೊಂಡವರಿಗೆ ಇದು ಸಮಾಧಾನ ತರುವುದಿಲ್ಲ ಎಂಬುದು ಬೇರೆ ಮಾತು.

‘ಹೂಡಿಕೆದಾರ’ ಪದಕ್ಕೆ ನನ್ನ ತಕರಾರಿಲ್ಲ. ಬಂಡವಾಳವನ್ನೂ ಬಿಡಾರವನ್ನೂ ಒಂದೇ ಕ್ರಿಯಾಪದದಿಂದ ಹೂಡುವ ಭಾಷೆ ನಮ್ಮದು; ಬಂಡವಾಳ ಹೂಡಿದವರು ಬಿಡಾರವನ್ನೂ ಅಲ್ಲೇ ಹೂಡಿದ್ದಾರೆಯೇ ಎಂಬುದೊಂದೇ ಈ ಕಾನೂನುಗಳ ಪ್ರಶ್ನೆ. ಹೂಡದಿದ್ದವರ ಮನೆಯನ್ನು ಏನೆಂದು ಕರೆಯಬೇಕು ಎಂಬುದು ತಿಳಿಯುತ್ತಿಲ್ಲ. ‘ಮಾಲೀಕರಿಲ್ಲದ ಮನೆ’ ಎಂದರೆ ವಾರಸುದಾರರಿಲ್ಲದ ಆಸ್ತಿಯಂತಾಗುತ್ತದೆ. ‘ಹೊರಗಿನವರ ಮನೆ’ ಎಂದರೆ ಪರಊರಿನವರದೆಂಬ ಅರ್ಥ ಬರುತ್ತದೆ, ಮತ್ತು ಆ ಮನೆಯಲ್ಲಿ ವಾಸವಿಲ್ಲದವರನ್ನೂ ಪರಊರಿನವರನ್ನೂ ಬೆರೆಸಬಾರದೆಂಬುದಕ್ಕೆ ನ್ಯೂ ಆರ್ಲಿಯನ್ಸ್ ಪ್ರಕರಣವೇ ಸಾಕ್ಷಿ. ವಸತಿ ಬಡಾವಣೆಗಳಲ್ಲಿ ಮಾಲೀಕರ ಪ್ರಧಾನ ವಾಸಸ್ಥಳವಿರುವ ಆಸ್ತಿಗೆ ಮಾತ್ರ ಪರವಾನಗಿ ಎಂಬ ಆ ನಗರದ ನಿಯಮವು ಹೊರರಾಜ್ಯಗಳ ಮಾಲೀಕರಿಗೆ ತಾರತಮ್ಯ ಮಾಡುತ್ತದೆ ಎಂದು 2022ರಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯ ತೀರ್ಪಿತ್ತಿತು. ಬೆಂಗಳೂರಿನ ಆಸ್ತಿ ತೆರಿಗೆಯ ನಮೂನೆಯಲ್ಲಿ ‘ಸ್ವಂತ ವಾಸ’, ‘ಬಾಡಿಗೆ’ ಎಂಬ ವಿಂಗಡಣೆ ಎಲ್ಲರಿಗೂ ಪರಿಚಿತ. ಅದನ್ನೇ ಆಧರಿಸಿ ‘ಸ್ವಂತ ವಾಸವಿಲ್ಲದ ಮನೆ’ ಎನ್ನಬಹುದೇ?

‘ಆರ್ಡಿನೆನ್ಸ್’ ಬಗ್ಗೆ ಮಾತ್ರ ನನಗೆ ಅನುಮಾನವಿಲ್ಲ, ಸ್ವಲ್ಪ ಸಿಟ್ಟೂ ಇದೆ. ಅಮೆರಿಕದ ನಗರಸಭೆಗಳು ಮಾಡುವ ಕಾನೂನುಗಳಿಗೆ ಸಾಮಾನ್ಯವಾಗಿ ಇರುವ ಹೆಸರು ಅದು. ನಿಘಂಟು ನೋಡಿದವರು, ಯಂತ್ರಾನುವಾದ ಮಾಡಿದವರು, ‘ಆಸ್ಟಿನ್ ನಗರವು ಸುಗ್ರೀವಾಜ್ಞೆ ಹೊರಡಿಸಿತು’ ಎಂದು ಬರೆಯುತ್ತಾರೆ. ಸುಗ್ರೀವಾಜ್ಞೆ ಎಂದರೆ ಸದನ ನಡೆಯದಿರುವಾಗ ಸಂವಿಧಾನದ 123ನೇ ವಿಧಿಯಡಿ ರಾಷ್ಟ್ರಪತಿಯವರು, 213ನೇ ವಿಧಿಯಡಿ ರಾಜ್ಯಪಾಲರು ಹೊರಡಿಸುವ ತಾತ್ಕಾಲಿಕ ಶಾಸನ. ಸದನ ಮತ್ತೆ ಸೇರಿದ ಆರು ವಾರಗಳಲ್ಲಿ ಅದು ತಾನಾಗಿಯೇ ಬಿದ್ದುಹೋಗಬಹುದು. ಆಸ್ಟಿನ್ನಿನದು ಹಾಗಲ್ಲ. ಮಾಲೀಕರು ವಾಸವಿರದ ದಿನಬಾಡಿಗೆ ಮನೆಗಳನ್ನು ವಸತಿ ಪ್ರದೇಶಗಳಿಂದ 2022ರೊಳಗೆ ತೆಗೆದುಹಾಕಬೇಕೆಂದು 2016ರಲ್ಲಿ ಚುನಾಯಿತ ಸದಸ್ಯರು ಸಭೆ ಸೇರಿ ಮತ ಹಾಕಿ ಮಾಡಿದ ಕಾನೂನು ಅದು. 2019ರಲ್ಲಿ ಟೆಕ್ಸಸ್‌ನ ಮೇಲ್ಮನವಿ ನ್ಯಾಯಾಲಯ ಆ ಭಾಗವನ್ನು ಪೂರ್ವಾನ್ವಯದ (ಹೊಸ ನಿಯಮವನ್ನು ಹಿಂದಿನದಕ್ಕೂ ಅನ್ವಯಿಸುವ) ದೋಷಕ್ಕಾಗಿ ರದ್ದುಗೊಳಿಸಿತು. ಇದನ್ನೆಲ್ಲ ‘ಸುಗ್ರೀವಾಜ್ಞೆ’ಯ ಕೆಳಗೆ ಹೇಳಿದರೆ, ತುರ್ತಿನಲ್ಲಿ ಮೇಲಿನಿಂದ ಬಂದ ಅಪ್ಪಣೆಯನ್ನು ನ್ಯಾಯಾಲಯ ತಡೆಯಿತೆಂಬ ಚಿತ್ರವೇ ಮೂಡುತ್ತದೆ.

‘ಉಪವಿಧಿ’ ನಮ್ಮ ಪುರಸಭೆಗಳ ಕಾಯ್ದೆಯಲ್ಲಿರುವ ಪದ, ಹತ್ತಿರದ್ದೂ ಹೌದು. ಆದರೆ ಕಾಯ್ದೆಗೆ ಅಧೀನವಾದ ಸಣ್ಣ ನಿಯಮವೆಂಬ ದನಿ ಅದಕ್ಕಿದೆ. ‘ಬೈಲಾ’ವನ್ನು ಮುಟ್ಟದಿರುವುದೇ ಒಳ್ಳೆಯದು, ಏಕೆಂದರೆ ಅಪಾರ್ಟ್‌ಮೆಂಟ್ ಸಂಘಗಳ ಬೈಲಾಗಳಿಗೆ ಅದು ಬೇಕು. ಅಮೆರಿಕದಲ್ಲೂ ನಗರದ ಕಾನೂನು ಬಿಟ್ಟುಕೊಟ್ಟದ್ದನ್ನು ಕಟ್ಟಡದ ಸಂಘದ ನಿಯಮ ತಡೆಯುವುದುಂಟು. ಅವೆರಡಕ್ಕೂ ಒಂದೇ ಪದ ಬಳಸಿದರೆ ಓದುಗರು ದಿಕ್ಕುತಪ್ಪುತ್ತಾರೆ. ‘ನಗರ ಕಾನೂನು’ ಎಂಬ ಸರಳ ಪದವನ್ನೇ ಇಟ್ಟುಕೊಂಡಿದ್ದೇನೆ.

ಕೊನೆಯದಾಗಿ ಕಂದಾಯದ ಬರವಣಿಗೆ ಬಲ್ಲವರಿಗೆ ಒಂದು ಪ್ರಶ್ನೆ. ಬರ್ಲಿನ್ ನಗರ 2014ರಿಂದ ಜಾರಿಗೆ ತಂದ ಕಾಯ್ದೆಯ ಹೆಸರಿನ ತಾತ್ಪರ್ಯ, ವಾಸದ ಮನೆಯನ್ನು ಅದರ ಉದ್ದೇಶದಿಂದ ಬೇರೆಡೆಗೆ ತಿರುಗಿಸುವುದರ ನಿಷೇಧ ಎಂದು. ಇಡೀ ವಿವಾದದ ತಿರುಳು ಆ ಹೆಸರಿನಲ್ಲಿಯೇ ಇದೆ: ಬಾಡಿಗೆ ಎಷ್ಟು, ಮಾಲೀಕರು ಯಾರು ಎಂಬುದಕ್ಕಿಂತ, ನೆಲೆವಾಸಕ್ಕೆಂದು ಕಟ್ಟಿದ್ದು ಲಾಡ್ಜಿನಂತೆ ಬಳಕೆಯಾಗುತ್ತಿದೆ ಎಂಬುದೇ ನಗರದ ದೂರು. ಸಾಗುವಳಿ ಜಮೀನನ್ನು ಕೃಷಿಯೇತರ ಉದ್ದೇಶಕ್ಕೆ ಬದಲಾಯಿಸುವುದಕ್ಕೆ ನಮ್ಮಲ್ಲಿ ‘ಅನ್ಯಕ್ರಾಂತ’ ಎಂಬ ಪದ ಬಹುಕಾಲದಿಂದ ರೂಢಿಯಲ್ಲಿದೆ. ನಿವೇಶನ ಕೊಳ್ಳಲು ಹೊರಟ ಯಾರಿಗೂ ಅದರ ಅರ್ಥ ಹೇಳಿಕೊಡಬೇಕಾಗಿಲ್ಲ. ಅದನ್ನು ಜಮೀನಿನಿಂದ ಮನೆಗೆ ವಿಸ್ತರಿಸಿ ‘ವಾಸದ ಮನೆಯ ಅನ್ಯಕ್ರಾಂತ’ ಎಂದು ಬರೆದರೆ ಕಂದಾಯ ಇಲಾಖೆಯ ಬಳಕೆಗೆ ವಿರುದ್ಧವಾಗುತ್ತದೆಯೇ? ಜೊತೆಗೆ ಇನ್ನೊಂದು: ಸಂಸ್ಕೃತದ ದೃಷ್ಟಿಯಿಂದ ‘ಅನ್ಯಾಕ್ರಾಂತ’ ಎಂದಿರಬೇಕೆಂದು ಕೆಲವರು ವಾದಿಸುತ್ತಾರೆ, ಹಾಗೆಯೇ ಬರೆಯುವವರೂ ಇದ್ದಾರೆ. ಹಳೆಯ ಆದೇಶಗಳನ್ನೋ ಪತ್ರಗಳನ್ನೋ ಇಟ್ಟುಕೊಂಡಿರುವವರು ಅವುಗಳಲ್ಲಿ ಯಾವ ರೂಪವಿದೆ ಎಂಬುದನ್ನು ತಿಳಿಸಿದರೆ ಉಪಕಾರವಾಗುತ್ತದೆ.