ಕಾರಿನ ಬಣ್ಣಕ್ಕೆ ಕಲ್ಲೇಟು: ‘ಚಕ್ಕೆ’ಯೋ ‘ಮುಕ್ಕೋ’? ಫಿಲ್ಮಿಗೆ ‘ಪೊರೆ’ ಅನ್ನಬಹುದಾ?

ಎಲ್ಲರಿಗೂ ನಮಸ್ಕಾರ. ಎರಡು ಪದ ಕೇಳಬೇಕಿತ್ತು, ಎರಡೂ ಕಾರಿನ ಮುಂಭಾಗದ ಬಣ್ಣಕ್ಕೆ ಸೇರಿದವು: ಒಂದು ಬಣ್ಣ ಕಾಯಲು ಹೊದಿಸುವ ಪಾರದರ್ಶಕ ಫಿಲ್ಮಿಗೆ, ಇನ್ನೊಂದು ಕಲ್ಲು ಬಡಿದು ಬಣ್ಣ ಎದ್ದ ಜಾಗಕ್ಕೆ. ಸರಿಯಾದ ಪದ ಇಲ್ಲದೆ ನಮ್ಮ ಮಾವನವರಿಗೆ ಒಳ್ಳೇ ದುಡ್ಡು ದಂಡವಾಯಿತು, ಅದಕ್ಕೇ ಕೇಳುತ್ತಿದ್ದೇನೆ.

ಮಾವನವರ ಮನೆ ಭರಮಸಾಗರದಲ್ಲಿ, ವ್ಯಾಪಾರ ದಾವಣಗೆರೆಯಲ್ಲಿ. ದಿನಾ ಹೆದ್ದಾರಿ 48ರಲ್ಲೇ ಓಡಾಟ. ಮುಂದೆ ಜಲ್ಲಿ ತುಂಬಿದ ಟಿಪ್ಪರ್ ಸಿಕ್ಕಿತು ಅಂದರೆ ಬಾನೆಟ್ ಮೇಲೆ ಟಪ್ ಅಂತ ಒಂದು ಸದ್ದು ಗ್ಯಾರಂಟಿ. ಹೊಸ ಕಾರು ತಗೊಂಡಾಗ ಅವರು ಒಂದು ಅಂಗಡಿಗೆ ಹೋಗಿ, “ಕಲ್ಲು ಬಡಿದ್ರೂ ಬಣ್ಣ ಏಳಬಾರದು, ಅಂಥ ಕೋಟಿಂಗ್ ಹಾಕಿಕೊಡ್ರಿ” ಅಂದರು. ಅಂಗಡಿಯವರು “ಆಯ್ತು ಸಾರ್” ಅಂತ ಸೆರಾಮಿಕ್ ಕೋಟಿಂಗ್ ಹಾಕಿ ಕಳಿಸಿದರು. ಕಾರು ಕನ್ನಡಿ ಥರ ಹೊಳೆಯುತ್ತಿತ್ತು, ನಿಜ. ಒಂದೇ ತಿಂಗಳಲ್ಲಿ ಬಾನೆಟ್ಟಿನ ಮುಂದಿನ ಅಂಚಿನಲ್ಲಿ ಮೂರು ಕಡೆ ಬಣ್ಣ ಎದ್ದಿತ್ತು. ಸಾಸಿವೆ ಕಾಳಿನಷ್ಟು ಗಾತ್ರ, ಬೆರಳು ಆಡಿಸಿದರೆ ಉಗುರಿಗೆ ಸಿಗುತ್ತಿತ್ತು. ಎರಡರಲ್ಲಿ ಒಳಗಿನ ಬೂದು ಪ್ರೈಮರ್ ಕಾಣುತ್ತಿತ್ತು. ಒಂದರಲ್ಲಿ ತಗಡೇ ಕಾಣುತ್ತಿತ್ತು, ಮಳೆ ಶುರುವಾದ ಮೇಲೆ ಅದೊಂದು ಕಂದು ಬಣ್ಣಕ್ಕೆ ತಿರುಗಿತು.

ಸೆರಾಮಿಕ್ ಕೋಟಿಂಗ್ ಅಂದರೆ ದ್ರವ. ಬಟ್ಟೆಯಲ್ಲಿ ಒರೆಸಿ ಒಣಗಿಸುತ್ತಾರೆ, ಕೊನೆಗೆ ಉಳಿಯುವುದು ಒಂದೆರಡು ಮೈಕ್ರಾನ್ ದಪ್ಪ ಅಷ್ಟೆ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು). ನೀರು ನಿಲ್ಲಲ್ಲ, ಧೂಳು ಬೇಗ ಬಿಡುತ್ತೆ, ಆದರೆ ಕಲ್ಲನ್ನು ತಡೆಯುವ ಶಕ್ತಿ ಅದಕ್ಕಿಲ್ಲ. ಮಾವನಿಗೆ ಬೇಕಿದ್ದದ್ದು ಪಿಪಿಎಫ್ (ಪೇಂಟ್ ಪ್ರೊಟೆಕ್ಷನ್ ಫಿಲ್ಮ್) ಅನ್ನುತ್ತಾರಲ್ಲ, ಬಣ್ಣದ ಮೇಲೆ ಅಂಟಿಸುವ ಆ ಪಾಲಿಯುರೆಥೇನ್ ಪ್ಲಾಸ್ಟಿಕ್ ಫಿಲ್ಮ್. ಅದು ಸಾಮಾನ್ಯವಾಗಿ 150ರಿಂದ 200 ಮೈಕ್ರಾನ್ ಇರುತ್ತೆ. ಕಂಪನಿಯಿಂದ ಬರುವ ಬಣ್ಣ, ಎಲ್ಲಾ ಪದರ ಸೇರಿಸಿದರೂ, ಹೆಚ್ಚುಕಡಿಮೆ 100ರಿಂದ 150 ಮೈಕ್ರಾನ್. ಅಂದರೆ ಬಣ್ಣಕ್ಕಿಂತ ಫಿಲ್ಮೇ ದಪ್ಪ! ರಬ್ಬರಿನ ಗುಣ ಇರೋದರಿಂದ ಏಟನ್ನು ತಾನು ತಿಂದುಕೊಳ್ಳುತ್ತೆ. ಈ ಥರದ ಫಿಲ್ಮ್ ಮೊದಲು ಬಂದದ್ದೂ ಕಾರಿಗಲ್ಲ. 1960ರ ದಶಕದಲ್ಲಿ, ವಿಯೆಟ್ನಾಂ ಯುದ್ಧದ ಹೊತ್ತಿಗೆ, ಹೆಲಿಕಾಪ್ಟರ್ ರೆಕ್ಕೆಗಳು ಮರಳಿಗೆ, ಕಲ್ಲಿಗೆ ಸವೆಯದಿರಲಿ ಅಂತ ಮಾಡಿದ್ದು.

ಈಗ ಪದಕ್ಕೆ ಬರುತ್ತೇನೆ. ನಮ್ಮ ಕಡೆ ಎರಡಕ್ಕೂ ‘ಕೋಟಿಂಗ್’ ಅಂತಾರೆ, ಎರಡಕ್ಕೂ ‘ಹಾಕೋದು’ ಅಂತಾರೆ. ಕೆಲವರು ‘ಲ್ಯಾಮಿನೇಷನ್’ ಅಂತಲೂ ಹೇಳುವುದು ಕೇಳಿದ್ದೇನೆ. ತಪ್ಪು ಆಗಿದ್ದು ಇಲ್ಲೇ ಅಂತ ನನಗನ್ನಿಸುತ್ತೆ. ಕನ್ನಡದ ಕ್ರಿಯಾಪದ ಬಳಸಿದ್ದರೆ ಗೊಂದಲಕ್ಕೆ ಜಾಗವೇ ಇರಲಿಲ್ಲ. ಒಂದು ಬಳಿಯೋದು, ಇನ್ನೊಂದು ಹೊದಿಸೋದು. “ಬಳೀತೀರೋ ಹೊದಿಸ್ತೀರೋ?” ಅಂತ ಮಾವ ಕೇಳಿದ್ದರೆ ಸಾಕಿತ್ತು, ಅಲ್ವಾ?

ಬಳಿಯೋದಕ್ಕೆ ‘ಲೇಪ’ ಇದ್ದೇ ಇದೆ. ಹೊದಿಸೋದಕ್ಕೆ? ‘ಪಾರದರ್ಶಕ ರಕ್ಷಣಾ ಪದರ’ ಅಂತ ಒಂದು ಕಡೆ ಓದಿದೆ. ದಾವಣಗೆರೆಯ ಹಳೇ ಪಿ.ಬಿ. ರೋಡಿನ ಯಾವ ಗ್ಯಾರೇಜಿನಲ್ಲೂ ಅದನ್ನು ಯಾರೂ ಬಾಯಿಬಿಟ್ಟು ಹೇಳಲ್ಲ. ನನಗೆ ಹೊಳೆದದ್ದು ‘ಪೊರೆ’. ಹಾವು ಕಳಚುವ ಪೊರೆ. ಈ ಫಿಲ್ಮೂ ಹಾಗೇ, ಹಳೆಯದಾದ ಮೇಲೆ ಬಿಸಿ ಗಾಳಿ ಕೊಟ್ಟು ಮೆಲ್ಲಗೆ ಎಳೆದರೆ ಕಳಚಿ ಬರುತ್ತೆ, ಕೆಳಗೆ ಬಣ್ಣ ಹೊಸದಾಗಿ ಉಳಿದಿರುತ್ತೆ. ಜೊತೆಗೆ ‘ಪೊರೆ’ ಅಂದರೆ ಕಾಪಾಡು, ಸಾಕು ಅಂತಲೂ ಅರ್ಥ ಇದೆಯಲ್ಲ. ಎರಡೂ ಬೇರೆ ಬೇರೆ ಪದಗಳೇ ಇರಬಹುದು. ಆದರೂ ತೆಳು ಹೊದಿಕೆ ಅನ್ನೋದೂ ಕಾಯೋದು ಅನ್ನೋದೂ ಒಂದೇ ಉಲಿಯಲ್ಲಿ ಸಿಗುವುದು ಎಂಥ ಚೆಂದ!

ಮನೆಯಲ್ಲಿ ಹೇಳಿದಾಗ ನನ್ನ ತಂಗಿ, “ಪೊರೆ ಅಂದ್ರೆ ಕಣ್ಣಿನ ಪೊರೆ, ಮಸುಕು ಅನ್ಸುತ್ತೆ ಅಣ್ಣಾ” ಅಂದಳು. ಅವಳ ಮಾತಲ್ಲೂ ಹುರುಳಿದೆ. ಆದರೆ ನಮ್ಮ ಚಿತ್ರದುರ್ಗದ ಕಡೆ ಎಲ್ಲಿ ನೋಡಿದರೂ ಈರುಳ್ಳಿ. ಅದನ್ನು ಹೆಚ್ಚುವಾಗ ಎರಡು ಪದರದ ಮಧ್ಯೆ ಒಂದು ತೆಳು ಪೊರೆ ಸಿಗುತ್ತೆ. ಬೆರಳಿಗೆ ಅಂಟಿಸಿಕೊಂಡರೆ ಬೆರಳಿನ ಗೆರೆ ಕೂಡ ಕಾಣುತ್ತೆ, ಅಷ್ಟು ತಿಳಿ. ಕೊನೆಗೆ ಮಾವನ ಕಾರಿಗೆ ಫಿಲ್ಮ್ ಹಾಕುವಾಗ ಪಕ್ಕದಲ್ಲೇ ನಿಂತಿದ್ದೆ. ಬಾನೆಟ್ಟಿಗೆ ಸೋಪಿನ ನೀರು ಚಿಮುಕಿಸಿ ಫಿಲ್ಮ್ ಹರಡಿದರು. ಅದು ನೀರಿನ ಮೇಲೆ ಜಾರಾಡುತ್ತಿತ್ತು. ಜಾಗಕ್ಕೆ ಕೂರಿಸಿ ರಬ್ಬರ್ ಪಟ್ಟಿಯಿಂದ ನಡುವಿನಿಂದ ಅಂಚಿಗೆ ನೀರು ತಳ್ಳುತ್ತಾ ಬಂದ ಹಾಗೆ ಫಿಲ್ಮ್ ಇರೋದೇ ಗೊತ್ತಾಗದ ಹಾಗಾಯಿತು. ನನಗೆ ನೆನಪಾದದ್ದು ಆ ಈರುಳ್ಳಿ ಪೊರೆಯೇ.

ಎರಡನೇ ಪ್ರಶ್ನೆ ಆ ಗಾಯದ ಬಗ್ಗೆ. ‘ಗೀರು’ ಅಲ್ಲ, ಅದು ಗೆರೆ. ‘ನೆಗ್ಗು’ ಅಲ್ಲ, ತಗಡು ಒಳಗೆ ಹೋಗಿಲ್ಲ. ‘ತರಚು’ ಅಂದರೆ ಉಜ್ಜಿದ್ದು. ಪೇಂಟರ್ ‘ಚಕ್ಕೆ ಎದ್ದಿದೆ’ ಅಂದರು. ಮಾತು ಚೆನ್ನಾಗಿದೆ, ಬಂಡೆಯೂ ಚಕ್ಕೆ ಏಳುತ್ತೆ. ಆದರೆ ಚಕ್ಕೆ ಅನ್ನೋದು ಎದ್ದು ಹೋದ ಚೂರು, ಉಳಿದ ಗುಳಿಯಲ್ಲ. ಉಳಿದದ್ದಕ್ಕೆ ನಮ್ಮಲ್ಲಿ ‘ಮುಕ್ಕು’ ಇದೆ. ಪಿಂಗಾಣಿ ಬಟ್ಟಲು ಮುಕ್ಕಾಯಿತು ಅಂತೀವಿ, ಮುಕ್ಕಾದ ಮೂರ್ತಿಗೆ ಪೂಜೆ ಮಾಡಬಾರದು ಅಂತಾರೆ, ಮಾನಕ್ಕೆ ಮುಕ್ಕು ಬರಬಾರದು ಅಂತಲೂ ಹೇಳ್ತೀವಿ. ನನಗಿರುವ ಅನುಮಾನ ಒಂದೇ. ನಾನು ಕೇಳಿರುವ ಮುಕ್ಕು ಜಾಸ್ತಿ ಅಂಚಿಗೆ, ತುದಿಗೆ ಸೇರಿದ್ದು. ಬಾನೆಟ್ಟಿನ ಅಂಚಿಗಾದರೆ ಒಪ್ಪುತ್ತೆ. ನಟ್ಟನಡುವೆ ಕಲ್ಲು ಬಡಿದು ಬಣ್ಣ ಎದ್ದರೂ ‘ಬಣ್ಣ ಮುಕ್ಕಾಗಿದೆ’ ಅನ್ನಬಹುದಾ?

ಹರಿಹರ, ಹೊಳಲ್ಕೆರೆ, ಚಳ್ಳಕೆರೆ ಕಡೆಯವರು, ಬೇರೆ ಜಿಲ್ಲೆಯವರೂ, ನಿಮ್ಮ ಮನೆಯಲ್ಲಿ ಹೇಗೆ ಹೇಳ್ತೀರಿ ಅಂತ ತಿಳಿಸಿ. ಲಾರಿ ಓಡಿಸುವವರ, ಬಡಗಿಗಳ, ಕುಂಬಾರರ ಬಾಯಲ್ಲಿ ಬೇರೆ ಪದ ಇದ್ದರಂತೂ ಖಂಡಿತ ಬರೆಯಿರಿ.