ಲ್ಯಾಬ್ ನಾಯಿಗೆ ಕಿವಿ ಕೆಳಗೆ ಹಸಿ ಗಾಯ, ಅಂಗಾಲಲ್ಲಿ ಸೀಳು: ಮನೇಲಿ ಎಷ್ಟು ಮಾಡಬಹುದು?

ಹಸಿರುಗುಡ್ಡ
ಲ್ಯಾಬ್ರಡಾರ್, ಗಂಡು, 4 ವರ್ಷ, 32 ಕೆಜಿ. ಶಿವಮೊಗ್ಗ ಜಿಲ್ಲೆ ಸಾಗರದ ಕಡೆ, ಮಳೆ ಹಿಡಿದು ಕೂತಿದೆ, ನಾಯಿ ಮೈ ಒಣಗೋದೇ ಇಲ್ಲ. ನಿನ್ನೆ ಬೆಳಗ್ಗೆ ಏನೂ ಇರಲಿಲ್ಲ. ಸಂಜೆಗೆ ಬಲಗಿವಿ ಕೆಳಗೆ ನಾಣ್ಯದಗಲ ಕೂದಲು ಅಂಟಿಕೊಂಡು, ಅಡಿಯಲ್ಲಿ ಕೆಂಪಗೆ ರಸ ಒಸರ್ತಿತ್ತು. ಇವತ್ತು ಅರ್ಧ ಅಂಗೈ ಅಗಲ ಆಗಿದೆ, ವಾಸನೆ ಬೇರೆ. ಮುಂಗಾಲಿನ ಅಂಗಾಲಲ್ಲಿ ಗಾಜು ತಾಗಿ ಅರ್ಧ ಸೆಂ.ಮೀ. ಸೀಳೂ ಇದೆ, ರಕ್ತ ನಿಂತಿದೆ. ಊಟ ಮಾಡ್ತಾನೆ. ಡಾಕ್ಟ್ರು ಸಿಗೋದು ನಾಡಿದ್ದು. ಮನೇಲಿರೋದು: ಬೆಟಾಡಿನ್ 10%, ಡೆಟಾಲ್, ಹೈಡ್ರೋಜನ್ ಪೆರಾಕ್ಸೈಡ್, ಬೆಟ್ನೋವೇಟ್ ಟ್ಯೂಬ್, ಅರಿಶಿನ, ಕೊಬ್ಬರಿ ಎಣ್ಣೆ. ಯಾವುದು ಹಚ್ಚಲಿ?

ನಾಲ್ಕುಕಾಲು
ಕಿವಿ ಕೆಳಗಿನದು ಹಾಟ್ ಸ್ಪಾಟ್, ಅಂದರೆ ನಾಯಿ ಕೆರೆದು ಕೆರೆದು ದಿಢೀರ್ ಅಂತ ಹಬ್ಬೋ ಹಸಿ ಚರ್ಮದ ಸೋಂಕು. ಅರ್ಧ ದಿನದಲ್ಲಿ ಇಷ್ಟು ಹಬ್ಬೋದು ಅದೇ. ಹಚ್ಚೋದಕ್ಕಿಂತ ಮೊದಲು ಕೂದಲು ತೆಗೀಬೇಕು. ರಸಕ್ಕೆ ಕೂದಲು ಅಂಟಿ ಮೇಲೆ ಮುಚ್ಚಳ ಹಾಕಿದಂತಾಗಿರುತ್ತೆ, ಒಳಗೆ ಗಾಳಿ ಆಡಲ್ಲ, ನೀವು ಹಚ್ಚಿದ್ದೂ ಚರ್ಮ ಮುಟ್ಟಲ್ಲ.

ಕತ್ತರಿ ಬೇಡ. ಅಂಟಿದ ಕೂದಲು ಎತ್ತಿ ಹಿಡಿದರೆ ಚರ್ಮವೂ ಜೊತೆಗೆ ಮೇಲೆ ಬರುತ್ತೆ, ಅದನ್ನೇ ಕತ್ತರಿಸಿಬಿಡ್ತೀರಿ. ಟ್ರಿಮ್ಮರ್‌ನಲ್ಲಿ ಸುತ್ತ ಒಂದೆರಡು ಸೆಂ.ಮೀ. ಒಳ್ಳೆ ಚರ್ಮ ಕಾಣೋವರೆಗೂ ತೆಗೀರಿ. ಅಂದ್ಕೊಂಡಿದ್ದರ ಎರಡರಷ್ಟು ಗಾಯ ಕಾಣುತ್ತೆ, ಗಾಬರಿ ಬೇಡ. ಆ ಕೆಂಪಿನ ಗಡಿ ದಾಟಿ ಆಚೆ ಸಣ್ಣ ಸಣ್ಣ ಗುಳ್ಳೆ ಇದ್ದರೆ ಮಾತ್ರ ಸೋಂಕು ಆಳಕ್ಕಿಳಿದಿದೆ ಅಂತ. ಲ್ಯಾಬ್, ಗೋಲ್ಡನ್‌ಗಳಲ್ಲಿ ಇದು ಜಾಸ್ತಿ. ಆಗ ನುಂಗೋ ಆಂಟಿಬಯಾಟಿಕ್ ಬೇಕು, ನಾಡಿದ್ದಿನವರೆಗೂ ಕಾಯಬೇಡಿ.

ಬೆಟಾಡಿನ್ ನೇರ ಸುರೀಬೇಡಿ. ನಿಮ್ಮ 10% ಬಾಟಲಿಯದು 5 ಎಂ.ಎಲ್., ಕಾಯಿಸಿ ಆರಿಸಿದ ನೀರು 100 ಎಂ.ಎಲ್. ತಿಳಿ ಚಹಾದ ಬಣ್ಣ ಬರಬೇಕು. ಕಾಫಿ ಡಿಕಾಕ್ಷನ್ ಆದರೆ ಜಾಸ್ತಿಯಾಯ್ತು. ಗಾಢ ಇದ್ದಷ್ಟೂ ಹೊಸ ಚರ್ಮದ ಜೀವಕೋಶಗಳೇ ಸಾಯ್ತವೆ. ದಿನಕ್ಕೆ ಎರಡು ಮೂರು ಸಲ ಗಾಜ್ ಬಟ್ಟೆ ಅದ್ದಿ ಒತ್ತಿ, ಉಜ್ಜಬೇಡಿ. ಹತ್ತಿಯ ಎಳೆ ಗಾಯಕ್ಕೆ ಅಂಟುತ್ತೆ, ಅದು ಬೇಡ. ಆಮೇಲೆ ಒಣಗಲು ಬಿಡಿ, ಕಟ್ಟು ಕಟ್ಟಬೇಡಿ.

ಬೆಟ್ನೋವೇಟ್ ಸ್ಟೆರಾಯ್ಡ್. ಡಾಕ್ಟ್ರು ನೋಡಿ ಕೊಟ್ಟರೆ ಬೇರೆ ಮಾತು, ಕೀವಿರೋ ಗಾಯಕ್ಕೆ ನೀವಾಗಿ ಹಚ್ಚೋದಲ್ಲ. ಪೆರಾಕ್ಸೈಡ್ ನೊರೆ ಬರೋದು ನೋಡೋಕೆ ಚೆಂದ, ಆದರೆ ಗಾಯ ಮಾಗೋದು ನಿಧಾನ ಆಗುತ್ತೆ. ಡೆಟಾಲ್ ಚರ್ಮ ಸುಡುತ್ತೆ, ನೆಕ್ಕಿದರೆ ಬಾಯಿ, ಹೊಟ್ಟೆ ಎರಡೂ ಕೆಡುತ್ತೆ. ಎಣ್ಣೆ-ಅರಿಶಿನ ಒಣಗಬೇಕಾದ ಜಾಗವನ್ನ ಮತ್ತೆ ಮುಚ್ಚುತ್ತೆ.

ಕೊರಳಪಟ್ಟಿ ಬಿಚ್ಚಿಡಿ. ಕಿವಿ ಒಳಗೆ ಮೂಸಿ ನೋಡಿ. ಕೆನ್ನೆಯ ಹಾಟ್ ಸ್ಪಾಟ್‌ಗೆ ಎಷ್ಟೋ ಸಲ ಮೂಲ ಕಿವಿ ಸೋಂಕೇ. ಕಿವಿ ನವೆ, ಅವನು ಕೆರೆಯೋದು ಅದರ ಕೆಳಗೆ. ಹಾಗೇ ಉಣ್ಣೆ, ಚಿಗಟ ಹುಡುಕಿ. ಮೂಲ ಹಾಗೇ ಬಿಟ್ಟರೆ ಇದು ಮಾಗಿ ಪಕ್ಕದಲ್ಲಿ ಇನ್ನೊಂದು ಏಳುತ್ತೆ.

ಬಾಲದಣ್ಣ
ಅಂಗಾಲಿಗೆ: ಅರ್ಧ ಲೀಟರ್ ಕಾಯಿಸಿ ಆರಿಸಿದ ನೀರಿಗೆ ಒಂದು ಟೀ ಚಮಚಕ್ಕಿಂತ ತುಸು ಕಮ್ಮಿ ಉಪ್ಪು. ಸೂಜಿ ತೆಗೆದ 20 ಎಂ.ಎಲ್. ಸಿರಿಂಜ್‌ನಲ್ಲಿ ಸೀಳಿನೊಳಕ್ಕೆ ಹತ್ತು ಸಲ ಚಿಮ್ಮಿಸಿ. ಟಾರ್ಚ್ ಅಡ್ಡಲಾಗಿ ಹಿಡಿದರೆ ಗಾಜಿನ ಚೂರು ಮಿಂಚುತ್ತೆ. ತುದಿ ಹೊರಗೆ ಕಂಡರೆ ಚಿಮುಟದಲ್ಲಿ ತೆಗೀರಿ, ಒಳಗಿದ್ದರೆ ಕೆದಕಬೇಡಿ.

ಇದಕ್ಕೆ ಮಾತ್ರ ಕಟ್ಟು ಬೇಕು, ಪ್ರತಿ ಹೆಜ್ಜೆಗೂ ಸೀಳು ಬಾಯಿ ಬಿಡುತ್ತೆ. ಬೆರಳುಗಳ ಸಂದಿಗೆ ತೆಳ್ಳಗೆ ಹತ್ತಿ, ಸೀಳಿನ ಮೇಲೆ ಅಂಟದ ಗಾಜ್ ಬಟ್ಟೆ, ಮೇಲೆ ರೋಲ್ ಬ್ಯಾಂಡೇಜ್. ನಡುವಿನ ಎರಡು ಉಗುರು ಕಾಣೋ ಹಾಗೆ ಬಿಡಿ. ಉಗುರುಗಳ ನಡುವಿನ ಅಂತರ ಜಾಸ್ತಿಯಾಗ್ತಿದ್ದರೆ ಕಾಲು ಬಾತಿದೆ ಅಂತ, ತಕ್ಷಣ ಬಿಚ್ಚಿ. ಹೊರಗೆ ಹೋಗುವಾಗ ಮೇಲೆ ಪ್ಲಾಸ್ಟಿಕ್ ಕವರ್, ಒಳಗೆ ಬಂದ ಕೂಡಲೇ ತೆಗೆದುಬಿಡಿ. ಒದ್ದೆ ಕಟ್ಟು ಕಟ್ಟೇ ಇಲ್ಲದ್ದಕ್ಕಿಂತ ಕಡೆ. ಒದ್ದೆಯಾಗದಿದ್ದರೂ ದಿನಾ ಬದಲಿಸಿ.

ಕುತ್ತಿಗೆಗೆ ಕೋನ್ (ತಲೆ ಸುತ್ತ ಬರೋ ಆಲಿಕೆಯಂಥ ಪಟ್ಟಿ) ಹಾಕಿ: ಅಂಗಾಲು ನೆಕ್ಕೋದೂ ತಪ್ಪುತ್ತೆ, ಕಿವಿ ಕೆಳಗೆ ಕೆರೆಯೋದೂ ತಪ್ಪುತ್ತೆ. ಮೂತಿಗಿಂತ ಎರಡು ಮೂರು ಸೆಂ.ಮೀ. ಉದ್ದ ಇರಲಿ, ಅಂಚು ಗಾಯಕ್ಕೆ ತಾಗದಿರಲಿ.

ಹಸಿರುಗುಡ್ಡ
ಕೂದಲು ತೆಗೆದೆ, ಆಚೆ ಗುಳ್ಳೆ ಇಲ್ಲ. ಬಲಗಿವಿಯಲ್ಲಿ ಕಂದು ಗಲೀಜು, ಹುಳಿ ವಾಸನೆ. ಕಿವಿಗೂ ಬೆಟಾಡಿನ್ ನೀರು ಬಿಡಲಾ? ಪಕ್ಕದ ಮನೆಯವರು ಗಾಯಕ್ಕೆ ನೊಣ ಕೂರದ ಹಾಗೆ ಸೀಮೆಎಣ್ಣೆ ಹಚ್ಚಿ ಅಂತಾರೆ. ನೋವಿಗೆ ಡೋಲೋ ಕೊಡಬಹುದಾ?

ನಾಲ್ಕುಕಾಲು
ಮೂರೂ ಬೇಡ. ಕಿವಿತಮಟೆ ಹರಿದಿದೆಯೋ ಇಲ್ಲವೋ ನೋಡದೆ ಒಳಗೆ ಏನೂ ಬಿಡಬಾರದು. ಕಣ್ಣಿಗೆ ಕಾಣೋ ಹೊರಭಾಗವನ್ನ ಒದ್ದೆ ಗಾಜ್ ಬಟ್ಟೆಯಲ್ಲಿ ಒರೆಸಿ, ಉಳಿದದ್ದು ಡಾಕ್ಟ್ರಿಗೆ ಬಿಡಿ. ಸೀಮೆಎಣ್ಣೆ ಚರ್ಮ ಸುಡುತ್ತೆ, ನೆಕ್ಕಿದರೆ ಶ್ವಾಸಕೋಶಕ್ಕೂ ಹೋಗಬಹುದು. ಡೋಲೋ ಅಂದರೆ ಪ್ಯಾರಾಸಿಟಮಾಲ್, ನಾಯಿಯ ಲಿವರ್ ಹಾಳು ಮಾಡುತ್ತೆ. ಐಬುಪ್ರೊಫೆನ್, ಡೈಕ್ಲೋಫೆನಾಕ್ ಮಾತ್ರೆ ಹೊಟ್ಟೆ-ಕಿಡ್ನಿ ಕೆಡಿಸುತ್ತೆ, ನೋವಿನ ಜೆಲ್ ನೆಕ್ಕಿದರೂ ಅದೇ ಗತಿ. ಜಿಂಕ್ ಆಕ್ಸೈಡ್ ಇರೋ ಕ್ರೀಮ್, ಕ್ಯಾಲಮೈನ್ ಕೂಡ ನೆಕ್ಕೋ ಜಾಗಕ್ಕೆ ಬೇಡ.

ನೊಣಕ್ಕೆ ಒಳಗೆ ಫ್ಯಾನ್ ಕೆಳಗೆ ಮಲಗಿಸಿ. ಕೂದಲ ಬುಡದಲ್ಲಿ ಅಕ್ಕಿ ನುಚ್ಚಿನಂಥ ಬಿಳಿ ಮೊಟ್ಟೆ ಕಂಡರೆ ಆಗಲೇ ಬಾಚಿ ತೆಗೀರಿ, ಒಂದು ದಿನದೊಳಗೆ ಹುಳ ಆಗ್ತವೆ. ಹುಳ ಕಂಡರೆ ಆಸ್ಪತ್ರೆ. ಮೇಲೆ ಕಾಣೋದು ಹತ್ತಾದರೆ ಒಳಗೆ ಎಷ್ಟು ಅಂತ ಹೇಳೋಕಾಗಲ್ಲ.

ಬಾಲದಣ್ಣ
ಒಂದು ಮಾತು ಬಿಟ್ಟುಹೋಯ್ತು. ಕೂದಲು ತೆಗೆದಾಗ ಎರಡು ತೂತು ಅಕ್ಕಪಕ್ಕ ಕಂಡಿದ್ದರೆ ಅದು ಹಾಟ್ ಸ್ಪಾಟ್ ಅಲ್ಲ, ಯಾವುದೋ ನಾಯಿ ಕಚ್ಚಿದ್ದು. ಆಗ ಗ್ಲೌಸ್ ಹಾಕಿಕೊಂಡು 15 ನಿಮಿಷ ಸೋಪು ಹಚ್ಚಿ ಹರಿಯೋ ನೀರಲ್ಲಿ ತೊಳೀರಿ, ಅದೇ ದಿನ ಡಾಕ್ಟ್ರು. ಹಳೇ ರೇಬಿಸ್ ಲಸಿಕೆ ಆಗಿದ್ದರೂ ಬೂಸ್ಟರ್ ಬೇಕಾಗುತ್ತೆ. ಅವನ ಗಾಯಕ್ಕೆ ಬರಿಗೈಯಲ್ಲಿ ಮುಟ್ಟಿದವರೂ ಕೈ ಹಾಗೇ ತೊಳೆದು ನಿಮ್ಮ ಡಾಕ್ಟ್ರಿಗೆ ಹೇಳಿ.

ಇಲ್ಲದಿದ್ದರೆ ನಾಡಿದ್ದಿನವರೆಗೆ ನಡೆಯುತ್ತೆ. ಗುದದಲ್ಲಿ ಥರ್ಮಾಮೀಟರ್ ಇಟ್ಟಾಗ 102.5 ಡಿಗ್ರಿ ಫ್ಯಾರನ್‌ಹೀಟ್‌ವರೆಗೆ ಸಹಜ. 103 ದಾಟಿದರೆ, ಅಥವಾ ನಾಳೆ ಸಂಜೆಗೆ ಕೆಂಪು ಟ್ರಿಮ್ ಮಾಡಿದ ಗಡಿ ಮುಟ್ಟಿದರೆ ರಾತ್ರಿಯೇ ಶಿವಮೊಗ್ಗಕ್ಕೆ ಹೊರಡಿ.